ಸೋಮವಾರದ ಒಲೆ

ನಮ್ಮ ಶಲವಡಿಯ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ, ಅಂದು ಹೂಡಿದರೆ ಶಿವ ಮುನಿಯುತ್ತಾನೆ ಎಂದು ನನ್ನ ಮಾವ ಹೇಳುತ್ತಿದ್ದರು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿಕೊಂಡ ನನಗೆ ಈ ಮಾತಿನಲ್ಲಿ ಅಷ್ಟಾಗಿ ನಂಬಿಕೆ ಇರಲಿಲ್ಲ. ಎತ್ತು ದಣಿದಿದೆ ಎಂದರೆ ಯಾವ ಒಡೆಯನೂ ಕೇಳುವುದಿಲ್ಲವೆಂದು ಬಲ್ಲ ಯಾರೋ ಜಾಣ, ಆ ಮಾತನ್ನು ಶಿವನ ಬಾಯಲ್ಲಿ ಇಟ್ಟಿರಬೇಕು. ಈಗಲೂ ನನ್ನ ಅಭಿಪ್ರಾಯ ಅದೇ.

ಎಂಬತ್ತರ ದಶಕದ ಆರಂಭದ ಒಂದು ಹಿಂಗಾರಿಯಲ್ಲಿ ಈ ವಿಚಾರ ನನ್ನ ಬುಡಕ್ಕೇ ಬಂತು. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಕಳೆ ತೆಗೆದು, ಮರಳಿ ಬಂದು ಮತ್ತೆ ಒಲೆಯ ಮುಂದೆ ಕೂಡುತ್ತಿದ್ದೆ. ಸೋಮವಾರ ಎತ್ತಿನೊಂದಿಗೆ ಗಂಡಸರೂ ಮನೆಯಲ್ಲೇ ಉಳಿಯುತ್ತಿದ್ದುದರಿಂದ ಅಂದು ಚಹಾ, ಅಡುಗೆ ಇನ್ನಷ್ಟು ಹೆಚ್ಚು. ಅಂಥದೊಂದು ಸೋಮವಾರ ರೊಟ್ಟಿ ಬಡಿಯುತ್ತಲೇ ಹಿಟ್ಟಿನ ತಟ್ಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋದೆ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಪಡಸಾಲೆಗೆ ಹರಡಿದಾಗ ಅತ್ತೆ ಬಂದು ನಿಂತರು.

“ಏನವಾ, ಹಿಟ್ಟಿನ ಪರಾತನ ತೆಲಿಗಿಂಬು ಮಾಡ್ಕೊಂಡಿಯೇನು?”

“ದಣದೇನ್ರಿ ಅತ್ತಿ. ಎತ್ತಿಗೆ ಸೋಮವಾರ ಐತಿ. ನನಗ ಯಾವ ವಾರ ಐತಿ, ಹೇಳ್ರಿ.”

ಮಾವ ಪಡಸಾಲೆಯಿಂದಲೇ ಕೇಳಿದರು: “ನೀ ಏನ್ ಎತ್ತೇನವಾ?”

“ಎತ್ತಾಗಿದ್ರ ಚಲೋ ಇತ್ರಿ ಮಾವಾರ. ಇವತ್ತ ಮೇವು ನನ್ನ ಮುಂದ ಬರ್ತಿತ್ತು.”

ನನ್ನ ಗಂಡ ಮೀಸೆಯೊಳಗೇ ನಕ್ಕರು. ಮಾವ ನಗಲಿಲ್ಲ.

ಮೈಮೇಲೆ ದೇವರು ಬಂದವರ ಮಾತನ್ನು ಮಾವ ಬಲು ಬೇಗ ನಂಬುತ್ತಿದ್ದರು. ದೇವರು ಬಂದಂತೆ ನಟಿಸುವ ಆ ದಾರಿ ನಾನು ಹಿಡಿಯಲಿಲ್ಲ. ಮುಂದಿನ ಆದಿತ್ಯವಾರ ಖಡಕ್ ರೊಟ್ಟಿ ಸುಟ್ಟು ಬುಟ್ಟಿಯಲ್ಲಿ ಪೇರಿಸಿದೆ, ಶೇಂಗಾ ಚಟ್ನಿ ಕುಟ್ಟಿದೆ, ಹಾಲಿಗೆ ಹೆಪ್ಪು ಹಾಕಿದೆ. ನಾಳೆ ಸಂಜೆ ದೀಪ ಹಚ್ಚುವವರೆಗೆ ಒಲೆ ಹಚ್ಚುವುದಿಲ್ಲವೆಂದು ಎಲ್ಲರಿಗೂ ತಿಳಿಸಿದೆ.

“ಒಲಿ ಹೊತ್ತಸದ ಮನಿ ಸತ್ತವರ ಮನಿ ಇದ್ದಂಗ,” ಎಂದರು ಮಾವ. “ನನ್ನ ಚಹಾಕ್ಕ ಏನ್ ಮಾಡ್ಲಿ?”

ಅತ್ತೆ ನನ್ನ ಪಕ್ಷ ಹಿಡಿಯುವರೆಂದು ನಾನು ಎಣಿಸಿರಲಿಲ್ಲ. “ಅಗಸಿ ಬಾಜು ಚಹಾದಂಗಡಿ ಐತಲ್ರಿ,” ಎಂದರು. “ಕಾಲಿಲ್ಲೇನು ನಿಮಗ?”

ಸೋಮವಾರ ಮಾವ ಸಿಟ್ಟಿನಿಂದ ಊರಬಾಗಿಲ ಬಳಿಯ ಆ ಅಂಗಡಿಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಅಲ್ಲಿ ಮಿರ್ಚಿ ಭಜಿ ಇತ್ತು, ರೇಡಿಯೋ ಇತ್ತು, ವಾದಕ್ಕೆ ಜನರಿದ್ದರು. ಬೇವಿನ ನೆರಳಿನಲ್ಲಿ ಒಂದೇ ಕೌದಿಯ ಮೇಲೆ ನಾನು ಪುಸ್ತಕ ಓದಿದೆ, ಅತ್ತೆ ಗೊರಕೆ ಹೊಡೆದರು. ಮಂಗಳವಾರ ಒಂದು ರೊಟ್ಟಿಯೂ ಸೀಯಲಿಲ್ಲ.

ಸುಗ್ಗಿಯ ಹೊತ್ತಿಗೆ, ಒಂದು ಸೋಮವಾರ ಬಂದ ಬೀಗರು ತಣ್ಣಗಿನ ಒಲೆ ಕಂಡು ಹುಬ್ಬೇರಿಸಿದರು. ಮಾವ ಗಂಭೀರವಾಗಿ ಹೇಳಿದರು: “ನಮ್ಮಲ್ಲಿ ಸೋಮವಾರ ಒಲಿ ಹಚ್ಚೂದಿಲ್ರಿ. ನಮ್ಮ ಮುತ್ತ್ಯಾನ ಕಾಲದಿಂದ ಬಂದ ಪದ್ಧತಿ. ಹಚ್ಚಿದ್ರ ಶಿವ ಮುನೀತಾನ. ಏಳ್ರಿ, ಅಂಗಡಿಗೆ ಹೋಗೂಣು.”

ಇಂಥ ಮಾತಿಗೆ ಪುರಾವೆ ಕೇಳದೆ ಬಿಟ್ಟವಳಲ್ಲ ನಾನು. ಅಂದು ಮಾತ್ರ ಸೆರಗು ಸರಿಮಾಡಿಕೊಂಡು ಕೈಯಲ್ಲಿದ್ದ ಪುಸ್ತಕದ ಪುಟ ತಿರುವಿದೆ.