ಮಾಳಿಗೆ ಕುಸಿದ ದಿನದ ಫೋಟೋ

ನಮ್ಮ ಕಡೆಯವರಿಗೆ ಆಗ ಕ್ಯಾಮೆರಾ ಕಂಡರೆ ಸಾಕು, ಅಳುವವರು ಅಳು ನುಂಗುತ್ತಿದ್ದರು, ನಗುವವರು ಬಾಯಿ ಮುಚ್ಚುತ್ತಿದ್ದರು. ಮೈ ಸೆಟೆಸಿ, ಉಸಿರು ಬಿಗಿಹಿಡಿದು, ಪೊಲೀಸರ ಮುಂದೆ ನಿಂತಂತೆ ನಿಂತರೇ ಅದು ಫೋಟೋ. ಚಿಂತಾಮಣಿಯ ನನ್ನ ಸ್ಟುಡಿಯೋದಲ್ಲಿ "ಸ್ವಲ್ಪ ನಗಿ ಸ್ವಾಮಿ" ಎಂದು ಗಂಟಲು ಹರಿದುಕೊಂಡದ್ದೇ ಬಂತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ನಗಿ ಅಂತ ಗದರಿದರೆ ಯಾರು ತಾನೇ ನಗುತ್ತಾರೆ!

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮಳೆ ಹಿಡಿದಿತ್ತು. ಗಂಡಿನ ಕಡೆಯವರಿಗೆ ತೋರಿಸಲು ಹುಡುಗಿಯ ಫೋಟೋ ಬೇಕೆಂದು ಕರೆದಿದ್ದರಿಂದ ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದಕ್ಕೆ ಸೈಕಲ್ ತುಳಿದುಕೊಂಡು ಹೋಗಿದ್ದೆ. ಹುಡುಗಿಯ ಜಡೆ ಮುಗಿಯುವಷ್ಟರಲ್ಲಿ ಆಚೆ ಬೀದಿಯಿಂದ ಧಡಾರ್ ಎಂದು ಸದ್ದು, ಹಿಂದೆಯೇ ಕೂಗಾಟ. ರೇಷ್ಮೆ ಹುಳು ಸಾಕುವ ಮನೆಯೊಂದರ ಮಣ್ಣಿನ ಮಾಳಿಗೆ ನೆನೆದು ಕುಸಿದಿತ್ತು. ಹುಳುಗಳಿಗೆ ಸೊಪ್ಪು ಹಾಕಲು ಹೋಗಿದ್ದ ಆ ಮನೆಯ ಅಜ್ಜಿ ಒಳಗೇ ಸಿಕ್ಕಿಕೊಂಡಿದ್ದರು. ನಾನೂ ಓಡಿದೆ. ಕ್ಯಾಮೆರಾ ಕೊರಳಲ್ಲೇ ಇತ್ತು.

ಅದೇ ಎಡವಟ್ಟಾಗಿದ್ದು. ನನ್ನನ್ನು ಕಂಡದ್ದೇ ತಡ, ಜನ ಸಾಲಾಗಿ ನಿಂತುಬಿಟ್ಟರು! ಗುದ್ದಲಿ ಹಿಡಿದು ಮಣ್ಣು ಎಳೆಯುತ್ತಿದ್ದವರೂ ನೆಟ್ಟಗಾಗಿ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

"ಅಯ್ಯೋ ನಿಮ್ಮ! ಅಗೀರಯ್ಯಾ ಮೊದ್ಲು!" ಎಂದು ಕಿರುಚಿದೆ.

ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದ ಅಜ್ಜಿಯ ಗಂಡ ತಿರುಗಿ ನೋಡಿದರು. ಆಗ ಹಳ್ಳಿಗೆ ಫೋಟೋದವನು ಹೋಗುತ್ತಿದ್ದದ್ದು ಮದುವೆ ಮಾತಿಗೆ, ಇಲ್ಲವೇ ಸಾವಿಗೆ. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ತೆಗೆಸಿಕೊಳ್ಳುತ್ತಿದ್ದರು. ಎಷ್ಟೋ ಜನರಿಗೆ ಅದೊಂದೇ ಫೋಟೋ.

"ಫೋಟೋದವನ್ನ ಯಾವನೋ ಕರೆಸ್ದೋನು? ಇನ್ನೂ ಬದುಕವ್ಳೆ ಕಣ್ರೋ ಅವ್ಳು! ಹೋಗಯ್ಯಾ, ಹೋಗು ಇಲ್ಲಿಂದ!" ಎಂದು ತಾತ ಮಣ್ಣಿನ ಹೆಂಟೆ ಎತ್ತಿ ಬೀಸಿದರು. ಅದು ನನ್ನ ಭುಜಕ್ಕೆ ಬಡಿಯಿತು. ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅವತ್ತು ಪಕ್ಕದ ಮನೆಯ ಗೋಡೆ ಮರೆಗೆ ಸರಿದೆ.

ಅಷ್ಟರಲ್ಲಿ ಮಣ್ಣಿನಡಿಯಿಂದ ಅಜ್ಜಿಯ ದನಿ ಬಂತು: "ತಟ್ಟೆಗಳ ಮೇಲೆ ಕಾಲಿಡ್ಬೇಡ್ರೋ! ಹುಳ ಸತ್ತೋಗ್ತವೆ!"

ಬಿದ್ದ ತೊಲೆಯೊಂದು ಮೂಲೆಗೆ ಅಡ್ಡ ನಿಂತು ಅವರನ್ನು ಉಳಿಸಿತ್ತು. ಜನ ಹೋ ಎಂದು ಮತ್ತೆ ಗುದ್ದಲಿಗೆ ಕೈಹಾಕಿದರು. ತಾತ ಮಾತ್ರ ಇದ್ದಲ್ಲೇ ಕುಸಿದು ಕೂತು "ದೇವುಡಾ, ದೇವುಡಾ" ಎನ್ನುತ್ತಾ ಮಗುವಿನ ಹಾಗೆ ಬಿಕ್ಕಿದರು. ಅಳುವೂ ನಗುವೂ ಒಟ್ಟಿಗೇ ನುಗ್ಗಿ, ಹಲ್ಲಿಲ್ಲದ ವಸಡೆಲ್ಲ ಕಾಣುತ್ತಿತ್ತು. ಕ್ಯಾಮೆರಾ ಅವರಿಗೆ ನೆನಪೇ ಇರಲಿಲ್ಲ. ಗೋಡೆ ಮರೆಯಿಂದಲೇ ಒಂದು ಫೋಟೋ ಹೊಡೆದೆ.

ಮಳೆ ಬಿಟ್ಟ ಮೇಲೆ ಪ್ರಿಂಟ್ ಹಾಕಿ, ಬೈಸಿಕೊಳ್ಳಲು ಸಿದ್ಧನಾಗಿಯೇ ಕೊಂಡುಹೋದೆ. ಅಜ್ಜಿ ಕೈಗೆ ಪಟ್ಟಿ ಕಟ್ಟಿಕೊಂಡೇ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ತಾತ ಫೋಟೋ ನೋಡಿ ಮುಖ ಗಂಟಿಕ್ಕಿದರು.

"ಥೂ, ಇದೇನಯ್ಯಾ, ಕೋತಿ ಥರ! ಹರ್ದಾಕು ಅತ್ಲಾಗೆ."

ಅಜ್ಜಿ ಕಸಿದುಕೊಂಡರು. ಬಾಗಿಲ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು.

"ನಾನ್ ಮಣ್ಣೊಳಗಿದ್ನಲ್ಲಪ್ಪಾ, ಇದ್ನ ನೋಡ್ಲೇ ಇಲ್ಲ," ಎಂದರು ನನಗೆ. "ಮದ್ವೆ ಆದಾಗ್ನಿಂದ ಏಯ್ ಅನ್ನೋದು ಬಿಟ್ರೆ ಒಂದ್ ಒಳ್ಳೆ ಮಾತಾಡಿಲ್ಲ ಈಯಪ್ಪ. ನಾನ್ ಸತ್ರೂ ಕಣ್ಣಲ್ಲಿ ಒಂದ್ ಹನಿ ನೀರು ಬರಲ್ಲ ಅಂದ್ಕೊಂಡಿದ್ದೆ."

"ಏಯ್, ಸೊಪ್ಪು ಬಾಡ್ತೈತೆ," ಎಂದು ಗೊಣಗುತ್ತಾ ತಾತ ಎದ್ದು ಆಚೆ ಹೋದರು. ಅಜ್ಜಿ ತಲೆ ಎತ್ತಲಿಲ್ಲ. ಅವರಿನ್ನೂ ಫೋಟೋ ನೋಡುತ್ತಿದ್ದರು.