ಕೆಡದ ಪ್ರೋಗ್ರಾಮಿನ ರಿಪೇರಿ

ಸೀರೆ ಹುಡುಕಲು ಟ್ರಂಕು ತೆರೆದರೆ ಡಾಂಬರು ಗುಳಿಗೆಯ ವಾಸನೆಯ ಜೊತೆ ಒಂದು ಖಾಕಿ ಲಕೋಟೆ ಸಿಕ್ಕಿತು. ನಿವೃತ್ತಿಯ ದಿನ ಆಫೀಸಿನ ಕಪಾಟಿನಿಂದ ತಂದದ್ದು. ಮುಟ್ಟಿದರೇ ಗೊತ್ತಾಯಿತು, ಒಳಗೆ ಫ್ಲಾಪಿ. ಮೇಲೆ ‘ಕೆಟ್ಟರೆ ಮಾತ್ರ ತೆರೆಯಿರಿ’ ಎಂದು ಕುಮಟೆಯ ಟೈಪಿಂಗ್ ಮಾಸ್ತರರ ಅಕ್ಷರ...

ಎಂಬತ್ತರ ದಶಕದ ಕೊನೆ. ನಾನು ಹೊನ್ನಾವರದ ಮೀನು ಸೊಸೈಟಿಯಲ್ಲಿ ಗುಮಾಸ್ತೆ. ಮಾಸ್ತರರು ತಾವೇ ಕಂಪ್ಯೂಟರ್ ಕಲಿತು, ಮೀನಿನ ತೂಕ ಬರೆದು ರಶೀದಿ ಕೊಡುವ ಪ್ರೋಗ್ರಾಂ ಮಾಡಿದ್ದರು. ಖಾಲಿ ಫ್ಲಾಪಿ ತಂದವರಿಗೆಲ್ಲ ಪುಕ್ಕಟೆ ಪ್ರತಿ. ಅದನ್ನು ಬರೆದ ಬಗೆ ತೋರಿಸುವ ಕಾಗದದ ಕಟ್ಟೂ ಪುಕ್ಕಟೆ. “ಪ್ರೋಗ್ರಾಂ ಎಲ್ಲಾರದ್ದು. ನಾ ಬಂದು ರಿಪೇರಿ ಮಾಡಿದ್ರೆ ಮಾತ್ರ ಫೀಸು,” ಎನ್ನುತ್ತಿದ್ದರು. ಅದು ಭಟ್ಕಳದವರೆಗೂ ಹರಡಿತು. ಆದರೆ ಪುಣ್ಯಾತ್ಮರು ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ, ಎಲ್ಲಿಯೂ ಕೆಡಲಿಲ್ಲ. ಅವರನ್ನು ಯಾರೂ ಕರೆಯಲಿಲ್ಲ.

ರಶೀದಿ ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಮೀನು ಹಾಕಲು ಬಂದ ಹೆಂಗಸರಿಗೆಲ್ಲ ನಾನೇ ಓದಿ ಹೇಳಬೇಕು; ಸಂಜೆಗೆ ಗಂಟಲು ಕಟ್ಟುತ್ತಿತ್ತು. ಮಾಸ್ತರರು ಚೌಕುಳಿ ಹಾಳೆಯಲ್ಲಿ ಚುಕ್ಕೆ ಇಟ್ಟು ಇಟ್ಟು ಪ್ರಿಂಟರಿಗೆ ಕನ್ನಡ ಅಕ್ಷರ ಕೂರಿಸುತ್ತಿದ್ದರು. ಅರ್ಧದಲ್ಲೇ ಕೈ ಖಾಲಿಯಾಯಿತು. “ಹೀಂಗಾದ್ರೆ ಬೊಂಬಾಯಿಗೆ ನೌಕರಿಗೆ ಹೋಗೂದೇ ಸೈ,” ಎಂದರು. ತಿಂಗಳಿಗಿಷ್ಟು ಕೊಡೋಣ ಎಂದು ನಮ್ಮ ಕಾರ್ಯದರ್ಶಿಗೆ ಹೇಳಿದೆ. “ಕೆಡದೇ ಇದ್ದದ್ದಕ್ಕೆ ಎಂತಾ ರಿಪೇರಿ ದುಡ್ಡು?” ಎಂದುಬಿಟ್ಟರು.

ಕೆಡಿಸಿದರಾಯಿತು! ಪ್ರತಿ ತಿಂಗಳು ಮೊದಲ ಸೋಮವಾರ ಪ್ರಿಂಟರಿನ ಕೇಬಲ್ ಕಿತ್ತಿಟ್ಟು ಕುಮಟೆಗೆ ಫೋನು ಮಾಡುತ್ತಿದ್ದೆ. ಮಾಸ್ತರರು ಬಸ್ಸಿಳಿದು, “ಮತ್ತೆ ಎಂತ ಆತು, ತಂಗೀ?” ಎಂದು ಕೂತು, ಅರ್ಧ ಗಂಟೆ ಪರದೆಯನ್ನೇ ದುರುಗುಟ್ಟಿ ನೋಡಿ, ಕೊನೆಗೆ ಕೇಬಲ್ ಸಿಕ್ಕಿಸುತ್ತಿದ್ದರು. “ಕಷ್ಟದ ಕೇಸು,” ಎಂದು ಕಾರ್ಯದರ್ಶಿಗೆ ಕೇಳುವಂತೆ ಹೇಳಿ, ಉಳಿದ ಹೊತ್ತೆಲ್ಲ ಚುಕ್ಕೆ ಇಡುತ್ತಿದ್ದರು. ಮಾಸ್ತರರಿಗೆ ಏನೂ ಗೊತ್ತಾಗಲಿಲ್ಲವೆಂದು ನನಗೆ ಒಳಗೊಳಗೇ ಹೆಮ್ಮೆ.

ವರ್ಷದ ಮೇಲೆ ಕನ್ನಡ ರಶೀದಿ ಬಂತು. ನಾಲ್ಕನೇ ಇಯತ್ತೆ ಓದಿದ್ದ ಮುದುಕಿಯೊಬ್ಬಳು ಅದನ್ನು ಬೆರಳಿಟ್ಟು ಓದಿದಳು. “ಮೂರು ಕಿಲೋ ಕಮ್ಮಿ ಬರ್ದೀರಲೇ!” ಎಂದಳು. ನಿಜವೇ ಆಗಿತ್ತು. ನಾನು ನಾಚಿಕೊಂಡೆ; ಮಾಸ್ತರರು ಮಾತ್ರ ಮಗಳು ಪಾಸಾದವರ ಹಾಗೆ ನಗುತ್ತಿದ್ದರು.

ಅವರು ತೀರಿಕೊಂಡು ಆರು ವರ್ಷವಾಯಿತು. ಪ್ರೋಗ್ರಾಂ ಕೊನೆಯವರೆಗೂ ಕೆಡಲಿಲ್ಲ. ಹಾಗಾಗಿ ಆ ದಿನಗಳಲ್ಲಿ ಅವರು ಕೊಟ್ಟಿದ್ದ ಲಕೋಟೆ ತೆರೆದದ್ದು ಈಗಲೇ. ಫ್ಲಾಪಿಯ ಜೊತೆ ಒಂದು ಚೀಟಿ ಇತ್ತು:

“ತಂಗೀ, ಕೇಬಲ್ ಮೆಲ್ಲಗೆ ಎಳಿ. ಪಿನ್ನು ಬಗ್ಗಿದ್ರೆ ನಿಜವಾದ ರಿಪೇರಿ ಮಾಡ್ಬೇಕಾಗ್ತದೆ. ಅದು ನಂಗೆ ಬರೂದಿಲ್ಲ.”

ಜೋರಾಗಿ ನಕ್ಕೆ. ಕುಮಟೆಗೆ ಫೋನು ಮಾಡಬೇಕೆನಿಸಿತು... ಮಾಡಲು ಅಲ್ಲಿ ಯಾರೂ ಇಲ್ಲ.