ಮಂಗಳ ಹಾಡದ ಆಟ

ಮೊನ್ನೆ ಶಾಲೆಯ ಗ್ಯಾದರಿಂಗಿಗೆಂದು ನಿಮ್ಮಲ್ಲೊಬ್ಬಳು ಮುಖಕ್ಕೆ ಬಣ್ಣ ಬಳಿದುಕೊಂಡು ನನ್ನ ಪಕ್ಕ ಬಂದು ಕೂತಳು. ಆ ವಾಸನೆಗೆ ನನ್ನ ಬೆರಳು ತಾನಾಗಿಯೇ ಅವಳ ಕೆನ್ನೆ ಸರಿಮಾಡಲು ಹೋಯಿತು. "ನಿನಗೇನ್ ತಿಳೀತದ ಆಯಿ, ಮೇಕಪ್ಪು?" ಎಂದಳು. ತಿಳಿಯುತ್ತದೆ. ದೇವರಿಗೇ ಹಚ್ಚಿದವಳು ನಾನು.

ನಿಮ್ಮ ಮುತ್ಯಾ, ನನ್ನ ಯಜಮಾನರು, ಆಟದ ಮಾಸ್ತರರು. ಶಹಾಪುರದ ಹತ್ತಿರದ ನಮ್ಮೂರಿನಲ್ಲಿ ಕುರಿ ಕಾಯುವವರಿಗೆ, ಹೊಲ ಊಳುವವರಿಗೆ ಮಾತು, ಕುಣಿತ ಕಲಿಸಿ ದೊಡ್ಡಾಟ ಆಡಿಸುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸತು. ನಿಜಾಮನ ರಾಜ್ಯ ಹೋಗಿ ಹೊಸ ಸರ್ಕಾರ ಬಂದಿತ್ತು. ಊರ ಬಾವಿ ಎಲ್ಲರದೂ ಎಂದು ಡಂಗುರ ಸಾರಿಸಿದ್ದರು. ಡಂಗುರ ಹೊಡೆದವನ ಕೇರಿಯವರೇ ಆ ಬಾವಿಯನ್ನು ಮುಟ್ಟುವಂತಿರಲಿಲ್ಲ. ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ನಿಮ್ಮ ಮುತ್ಯಾನಿಗೂ ಇಲ್ಲ. ಅವರಿಗೆ ಆಟದ ಹೊರತು ಬೇರೆ ಚಿಂತೆ ಇರಲಿಲ್ಲ.

ಕೃಷ್ಣನ ಪಾತ್ರದವನು ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟವನು ತಿರುಗಿ ಬರಲಿಲ್ಲ. ಅಂಥ ಕಂಠ ಇದ್ದದ್ದು ಆ ಕೇರಿಯ ಹಣಮಂತನಿಗೆ ಮಾತ್ರ. ಮುತ್ಯಾ ಹೋಗಿ ಗೌಡರನ್ನು ಕೇಳಿದರು.

"ಬಣ್ಣ ಹಚ್ಚಿದ ಮ್ಯಾಲ ಯಾರಾದ್ರೇನೋ ಮಾಸ್ತರ? ಮಂಗಳ ಹಾಡೋತನಕ ಅಂವ ದೇವ್ರೇ," ಎಂದರು ಗೌಡರು.

ನಮ್ಮಲ್ಲಿ ಪದ್ಧತಿಯೇ ಹಾಗೆ. ವೇಷದವನ ಕಾಲಿಗೆ ಊರೆಲ್ಲ ಬೀಳುತ್ತದೆ. ಬೆಳಗಿನ ಮಂಗಳ ಹಾಡಿ, ಮುಖ ತೊಳೆದ ಮೇಲೆ ಅವನು ಮನುಷ್ಯ.

ಹಣಮಂತ ತಾಲೀಮಿಗೆ ದಿನಾ ತಡ. ಮುತ್ಯಾ ಬೈದರು. "ಏನ್ ಮಾಡ್ಲಿರಿ ಮಾಸ್ತರ? ಬಾವಿ ಕಟ್ಟಿ ಕೆಳಗ ಕೊಡ ಇಟ್ಕೊಂಡು ಕುಂದರತೀನಿ. ಯಾರರ ಮ್ಯಾಲಿಂದ ಸುರುವಿದ್ರ ನೀರು, ಇಲ್ಲಾಂದ್ರ ಇಲ್ಲ." ಮುತ್ಯಾನಿಗೆ ಸಿಟ್ಟು ಬಂತು. ಅನ್ಯಾಯಕ್ಕಲ್ಲ, ತಾಲೀಮು ಕೆಟ್ಟದ್ದಕ್ಕೆ. ಅವರ ಹೋರಾಟ ಶುರುವಾದದ್ದು ಅಲ್ಲಿಂದ.

ಆಟವಾಗಿ ಬೆಳಗಾಯಿತು. ಎಲ್ಲರೂ ಮಂಗಳಕ್ಕೆ ಎದ್ದು ನಿಂತರು. ಮುತ್ಯಾ ತಾಳ ಕೆಳಗಿಟ್ಟು, "ಇವತ್ತ ಮಂಗಳ ಇಲ್ಲ. ಆಟ ಮುಗದಿಲ್ಲ," ಎಂದರು. ಕೃಷ್ಣ ಕಿರೀಟ ಸಮೇತ ಬಾವಿಗೆ ನಡೆದು ಕೊಡ ಇಳಿಬಿಟ್ಟ. ಗೌಡರು ಬಾಯಿ ತೆರೆದರು. ತಮ್ಮದೇ ಮಾತು ನೆನಪಾಗಿ ಮುಚ್ಚಿದರು. ಒಬ್ಬ ಮುದುಕಿ ರೂಢಿಯಂತೆ ಅವನ ಕಾಲಿಗೆ ಬಿದ್ದಳು.

ಮರುದಿನವೂ ಮಂಗಳವಿಲ್ಲ, ಬಣ್ಣ ಹಚ್ಚಿಕೊಂಡ ಕೃಷ್ಣ ಮತ್ತೆ ಬಾವಿಗೆ. ಗೌಡರು ನಮ್ಮ ಕುರಿಗಳನ್ನು ತಮ್ಮ ಹೊಲದಿಂದ ಹೊರಗೆ ಅಟ್ಟಿಸಿದರು. ಬಣ್ಣ ಹಚ್ಚುವವನು ಹೆದರಿ ಬಿಟ್ಟುಹೋದ. ಅರದಾಳವೆಂಬ ಹಳದಿ ಪುಡಿಯನ್ನು ಅರೆದು ಹಚ್ಚುವ ಕೆಲಸ ನನಗೆ ಬಂತು. ಹಣಮಂತ ಸಂಕೋಚಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ನಾನೂ ಮುಚ್ಚಿಕೊಳ್ಳುತ್ತಿದ್ದೆ. ಹೀಗಾಗಿ ನಮ್ಮ ಕೃಷ್ಣನ ಹುಬ್ಬು ಒಂದು ಮೇಲೆ, ಒಂದು ಕೆಳಗೆ.

ಒಂದು ಮುಂಜಾನೆ ಅವನ ತಾಯಿ ದುರಗಮ್ಮ ಕೇರಿಯ ಹೆಂಗಸರನ್ನು ಕರೆತಂದಳು. "ಒಬ್ಬ ದೇವರು ಇಡೀ ಕೇರಿಗಿ ನೀರು ಹೊತ್ತು ಸಾಯಾಕತ್ಯಾನ ಯವ್ವಾ. ನಮಗೂ ಒಂದೀಟು ಹಚ್ಚು." ಹಚ್ಚಿದೆ.

ಬಾವಿಯ ಬಳಿ ಗೌಡರು, "ಇವರ್ಯಾರೋ ಮಾಸ್ತರ?" ಎಂದರು.

"ಗೋಪೇರ್ರಿ. ಗೋಪೇರಿಲ್ದ ಕೃಷ್ಣ ಎಲ್ಯರ ಇರ್ತಾನೇನ್ರಿ?"

ಅಷ್ಟು ಮಂದಿ ಗೋಪಿಯರಿಗೆ ಅರದಾಳ ಸಾಲಲಿಲ್ಲ. ಮುತ್ಯಾ ತರಲು ಸುರಪುರಕ್ಕೆ ಹೋದವರು ಗಾಡಿ ಸಿಗದೆ ಅಲ್ಲೇ ಉಳಿದರು. ಬೆಳಿಗ್ಗೆ ಬಾಗಿಲಲ್ಲಿ ಕೊಡಗಳು. "ಬಣ್ಣ ತೀರ್ಯಾದ," ಎಂದೆ. ದುರಗಮ್ಮ ಕೊಡವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿ ತಿರುಗಿ ನಡೆದಳು. ಬೈದಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ನಾನೂ ಒಂದು ಕೊಡ ತೆಗೆದುಕೊಂಡು, "ಬರ್ರಿ," ಎಂದು ಬಾವಿಯ ಕಡೆ ಮುಂದಾದೆ.

ಕಟ್ಟೆಯ ಮೇಲೆ ಗೌಡರ ಹೆಂಡತಿ ಗೌಡಶಾನಿ ಹಗ್ಗ ಹಿಡಿದು ನಿಂತಿದ್ದಳು. ಬರಿ ಮುಖಗಳನ್ನು ನೋಡಿ, "ಇವತ್ತ ಬಣ್ಣ ಎಲ್ಯದ?" ಎಂದಳು. ಆ ಊರಿನಲ್ಲಿ ನಾನು ಮನೆಯ ಹೊರಗೆ ಬಾಯಿ ಬಿಟ್ಟವಳಲ್ಲ. ಅವತ್ತು ಬಿಟ್ಟೆ.

"ಇವತ್ತ ತಾಲೀಮು ಅದರಿ. ತಾಲೀಮಿಗಿ ಬಣ್ಣ ಹಚ್ಚಂಗಿಲ್ಲ."

ಗೌಡಶಾನಿ ನನ್ನನ್ನು ನೋಡಿದಳು. ಹಗ್ಗವನ್ನು ಕಟ್ಟೆಯ ಮೇಲೆ ಬಿಟ್ಟು ಕೆಳಗಿಳಿದಳು. ಕೊಟ್ಟಳು ಎನ್ನಲಾರೆ, ಬಿಟ್ಟಳು. ದುರಗಮ್ಮ ಎತ್ತಿಕೊಂಡಳು.

ಮುತ್ಯಾ ಅರದಾಳ ತಂದಾಗ ಅದು ಬೇಕಾಗಿರಲಿಲ್ಲ. ಆಮೇಲೆ ಯಾದಗಿರಿಯ ಕಡೆಯ ಊರೂರಲ್ಲಿ ಕೂಲಿ, ಬಾವಿ, ಭೂಮಿ ಎಂದು ಆಟ ಆಡಿಸಿದರು. ಕೆಲವು ಊರಲ್ಲಿ ಹಾರ ಹಾಕಿದರು, ಕೆಲವು ಊರಲ್ಲಿ ಕಲ್ಲು ಹೊಡೆದರು.

ಹೋದ ತಿಂಗಳು ಯಾರೋ ಬಂದು, ಮುತ್ಯಾನಿಗೆ ಕಲೆ ಮತ್ತು ಹೋರಾಟ ಒಂದಾದದ್ದು ಹೇಗೆ ಎಂದು ನಿಮ್ಮ ಅಪ್ಪನನ್ನು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ನಾನು ಒಳಗೆ ಚಹಾ ಸೋಸುತ್ತಿದ್ದೆ. ಇನ್ನೊಮ್ಮೆ ಬಂದರೆ ಚಹಾ ನೀವು ಮಾಡಿರಿ. ಕುರ್ಚಿಯ ಮೇಲೆ ನಾನು ಕೂರುತ್ತೇನೆ.